ವಿಮಾನ ಬಿದ್ದಿದ್ದು ವಯಸ್ಸಿನಿಂದಲ್ಲ

ಇವತ್ತು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ.

2015ರ ಮಾರ್ಚ್ 6, ಶುಕ್ರವಾರ ಬೆಳಗ್ಗೆ. ಸ್ಟುಡಿಯೋದಲ್ಲಿ ಕೂತಿದ್ದೆ. ಅಮೆರಿಕದಲ್ಲಿ ಆಗಿನ್ನೂ ಗುರುವಾರ. ನಮ್ಮಲ್ಲಿ ಬೆಳಕು ಹರಿಯೋ ಮೊದಲೇ ಅಲ್ಲಿಂದ ಸುದ್ದಿ ಬಂದಿತ್ತು. ಹಾಲಿವುಡ್ ನಟ ಹ್ಯಾರಿಸನ್ ಫೋರ್ಡ್ ತಾವೇ ಓಡಿಸುತ್ತಿದ್ದ ಪುಟ್ಟ ವಿಮಾನ ಲಾಸ್ ಏಂಜಲೀಸ್‌ನ ಒಂದು ಗಾಲ್ಫ್ ಮೈದಾನಕ್ಕೆ ಬಿದ್ದಿದೆ, ನಟನಿಗೆ ಗಂಭೀರ ಗಾಯ. ಸ್ಟಾರ್ ವಾರ್ಸ್, ಇಂಡಿಯಾನಾ ಜೋನ್ಸ್ ನೋಡಿದವರಿಗೆ ಆ ಮುಖ ಗೊತ್ತು. ಹುಲ್ಲಿನ ಮೇಲೆ ಮೂತಿ ಜಜ್ಜಿಕೊಂಡು ನಿಂತ ಬೆಳ್ಳಿ ಬಣ್ಣದ ವಿಮಾನದ ದೃಶ್ಯವೂ ಬಂತು. ಇನ್ನೇನು ಬೇಕು ನಮಗೆ? ಓಡಿಸಿದ್ವಿ.

ಓಡಿಸಿದ್ದು ತಪ್ಪಲ್ಲ. ಆದರೆ ಸುದ್ದಿ ಓದಿ ಮುಗಿಸಿದ ಮೇಲೆ ನನ್ನದೊಂದು ಮಾತು ಸೇರಿಸಿದೆ. 'ವಯಸ್ಸು 72. ಈ ವಯಸ್ಸಲ್ಲಿ ಒಬ್ಬರೇ ವಿಮಾನ ಹಾರಿಸೋ ಹುಚ್ಚು ಯಾಕೆ ಬೇಕಿತ್ತು ಅಂತ ಕೇಳಬೇಕಾಗುತ್ತೆ ವೀಕ್ಷಕರೇ.' ಅಷ್ಟೇ. ಹತ್ತು ಸೆಕೆಂಡಿನ ಮಾತು. ಆಮೇಲೆ ಬ್ರೇಕ್. ಬ್ರೇಕ್ ಮುಗಿಯೋ ಹೊತ್ತಿಗೆ ಬೇರೆ ಸುದ್ದಿ.

ನೋಡಿ, ಆ ಹತ್ತು ಸೆಕೆಂಡಲ್ಲಿ ನಾನು ಏನು ಮಾಡಿದೆ? ವಿಮಾನ ಯಾಕೆ ಬಿತ್ತು ಅನ್ನೋದಕ್ಕೆ ತೀರ್ಪು ಕೊಟ್ಟೆ. ತನಿಖಾಧಿಕಾರಿಗಳು ಎಂಜಿನ್ನಿಗೆ ಕೈ ಹಚ್ಚೋದಕ್ಕೆ ಮೊದಲೇ, ಸಾವಿರಾರು ಮೈಲಿ ದೂರದ ಬೆಂಗಳೂರಲ್ಲಿ ಕೂತು, 'ಮುದುಕ, ತಪ್ಪು ಮಾಡಿದ' ಅಂದುಬಿಟ್ಟೆ.

ಎಷ್ಟೋ ತಿಂಗಳ ಮೇಲೆ ಒಬ್ಬ ವೀಕ್ಷಕರು ಫೋನ್ ಮಾಡಿದರು. ಜೀವನವೆಲ್ಲ ವಿಮಾನ ದುರಸ್ತಿ ಕೆಲಸದಲ್ಲೇ ಕಳೆದು ನಿವೃತ್ತರಾದವರು. ಕೋಪ ಇರಲಿಲ್ಲ ದನಿಯಲ್ಲಿ. 'ಸಾರ್, ಆ ಹಾಲಿವುಡ್ ಆಕ್ಟರ್ ವಿಮಾನದ್ದು ಅವತ್ತು ಹೇಳಿದ್ರಲ್ಲ, ಅದರ ರಿಪೋರ್ಟ್ ಬಂತು. ಓದಿದ್ರಾ?' ಅಂದರು. ಇಲ್ಲ ಅಂದೆ. 'ಓದಿ ಸಾರ್. ಅದರಲ್ಲಿ ವಯಸ್ಸಿನ ವಿಷ್ಯ ಇಲ್ಲ' ಅಂದು ಫೋನ್ ಇಟ್ಟರು.

ಓದಿದೆ. ಇವತ್ತಿನ ಮಾತು ಆ ವರದಿಯ ಬಗ್ಗೆ.

ಮೊದಲು ವಿಮಾನ ಎಂಥದ್ದು ಅಂತ ತಿಳ್ಕೊಳ್ಳೋಣ. ಅದರ ಹೆಸರು ರಯಾನ್ ಪಿಟಿ-22. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ತನ್ನ ಹೊಸ ಪೈಲಟ್‌ಗಳಿಗೆ ಹಾರೋದು ಕಲಿಸೋಕೆ ಮಾಡಿಸಿಕೊಂಡ ತರಬೇತಿ ವಿಮಾನ. ಎರಡೇ ಸೀಟು, ಒಂದರ ಹಿಂದೆ ಒಂದು. ತಲೆಯ ಮೇಲೆ ಮುಚ್ಚಳ ಇಲ್ಲ, ಗಾಳಿ ಮುಖಕ್ಕೇ ಹೊಡೆಯುತ್ತೆ. ಮೂತಿಯಲ್ಲಿ ನಕ್ಷತ್ರದ ಹಾಗೆ ಸುತ್ತ ಜೋಡಿಸಿದ ಐದು ಸಿಲಿಂಡರ್‌ಗಳ ಎಂಜಿನ್. ಫೋರ್ಡ್ ಹತ್ತಿರ ಇದ್ದದ್ದು 1942ರಲ್ಲಿ ತಯಾರಾದದ್ದು. ಫೋರ್ಡ್ ಹುಟ್ಟಿದ್ದೂ 1942ರಲ್ಲೇ. ನಾನು ಪೈಲಟ್ ವಯಸ್ಸನ್ನ ಲೆಕ್ಕ ಹಾಕಿದೆ, ವಿಮಾನಕ್ಕೂ ಅಷ್ಟೇ ವಯಸ್ಸು ಅನ್ನೋದು ಹೊಳೆಯಲೇ ಇಲ್ಲ.

ಮಾರ್ಚ್ 5ರ ಮಧ್ಯಾಹ್ನ ಸಾಂತಾ ಮೋನಿಕಾ ವಿಮಾನ ನಿಲ್ದಾಣದಿಂದ ಫೋರ್ಡ್ ಒಬ್ಬರೇ ಹೊರಟರು. ಈ ನಿಲ್ದಾಣ ಊರಾಚೆ ಇಲ್ಲ. ಸುತ್ತ ಮನೆಗಳು, ರಸ್ತೆಗಳು, ಸ್ವಲ್ಪ ಮುಂದೆ ಸಮುದ್ರ. ವಿಮಾನ ಇನ್ನೂ ಮೇಲೇರುತ್ತಾ ಇತ್ತು. ಅಷ್ಟರಲ್ಲಿ ಎಂಜಿನ್ ಶಕ್ತಿ ಕಳೆದುಕೊಂಡಿತು. ಫೋರ್ಡ್ ರೇಡಿಯೋದಲ್ಲಿ ಹೇಳಿದ್ದು ತೀರಾ ಚಿಕ್ಕ ಮಾತು. ಎಂಜಿನ್ ವಿಫಲ, ಕೂಡಲೇ ವಾಪಸ್ ಬರಬೇಕು, ಅಂತ.

ಟವರ್‌ನಲ್ಲಿದ್ದವರು ತಕ್ಷಣ 21ನೇ ರನ್‌ವೇಗೆ ಇಳೀರಿ ಅಂದರು. ಫೋರ್ಡ್ ಒಪ್ಪಲಿಲ್ಲ, 3ನೇ ರನ್‌ವೇಗೆ ಬರ್ತೀನಿ ಅಂದರು. ಇಲ್ಲೊಂದು ವಿಷಯ ಗೊತ್ತಿರಲಿ. ಇವು ಎರಡು ಬೇರೆ ರನ್‌ವೇಗಳಲ್ಲ. ಒಂದೇ ರಸ್ತೆಯ ಎರಡು ತುದಿ. ರನ್‌ವೇ ಸಂಖ್ಯೆಯ ಮುಂದೆ ಒಂದು ಸೊನ್ನೆ ಹಾಕಿದರೆ ಅದು ದಿಕ್ಸೂಚಿಯ ಡಿಗ್ರಿ. 21 ಅಂದರೆ 210 ಡಿಗ್ರಿ, ಸಮುದ್ರದ ಕಡೆಗೆ ಮುಖ. 3 ಅಂದರೆ 30 ಡಿಗ್ರಿ, ಅದರ ತದ್ವಿರುದ್ಧ. 21ಕ್ಕೆ ಇಳೀಬೇಕಾದರೆ ನಿಲ್ದಾಣ ದಾಟಿ ಇಡೀ ಸುತ್ತು ಹಾಕಿಕೊಂಡು ಬರಬೇಕು. ಎಂಜಿನ್ ಇಲ್ಲದ ವಿಮಾನಕ್ಕೆ ಅಷ್ಟು ದೂರ ಎಲ್ಲಿ ಸಾಧ್ಯ? ಬಂದ ದಾರಿಗೇ ತಿರುಗಿ ಹತ್ತಿರದ ತುದಿಗೆ ಇಳಿಯೋದೊಂದೇ ದಾರಿ. ಆ ಕ್ಷಣದಲ್ಲಿ ಆ ಲೆಕ್ಕ ಹಾಕಿ 'ಇಲ್ಲ' ಅಂದದ್ದು ನಾನು ಮುದುಕ ಅಂದಿದ್ದ ಅದೇ ಪೈಲಟ್.

ಎಡಕ್ಕೆ ತಿರುಗಿದರು. ಎಂಜಿನ್ ಮತ್ತೆ ಸ್ಟಾರ್ಟ್ ಮಾಡೋಕೆ ಹೋಗಲಿಲ್ಲ. ವೇಗ ಮಾತ್ರ ಗಂಟೆಗೆ 85 ಮೈಲಿ, ಅಂದರೆ ಸುಮಾರು 137 ಕಿಲೋಮೀಟರ್‌ನಲ್ಲೇ ಇರೋ ಹಾಗೆ ನೋಡಿಕೊಂಡರು. ಇದು ಯಾಕೆ ಮುಖ್ಯ? ವಿಮಾನವನ್ನ ಎತ್ತಿ ಹಿಡಿಯೋದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಮೇಲೆ ಸಾಕಷ್ಟು ವೇಗದಲ್ಲಿ ಗಾಳಿ ಹರಿಯುತ್ತಿರುವಷ್ಟು ಹೊತ್ತು, ಎಂಜಿನ್ ನಿಂತರೂ ವಿಮಾನ ತೇಲಿಕೊಂಡು ಇಳಿಯುತ್ತೆ. ಎಂಜಿನ್ ನಿಂತಾಗ ಮನುಷ್ಯನ ಸಹಜ ಬುದ್ಧಿ ಏನು ಹೇಳುತ್ತೆ? ನೆಲ ಹತ್ತಿರ ಬರ್ತಿದೆ, ಮೂತಿ ಮೇಲೆತ್ತು. ಮೇಲೆತ್ತಿದರೆ ವೇಗ ಬೀಳುತ್ತೆ. ವೇಗ ಬಿದ್ದರೆ ರೆಕ್ಕೆ ಕೈ ಬಿಡುತ್ತೆ. ಆಗ ವಿಮಾನ ತೇಲೋದಿಲ್ಲ, ಕಲ್ಲಿನ ಹಾಗೆ ಬೀಳುತ್ತೆ. ಎಂಜಿನ್ ನಿಂತ ಮೇಲೆ ವಾಪಸ್ ತಿರುಗೋಕೆ ಹೋಗಿ ಸತ್ತ ಪೈಲಟ್‌ಗಳಲ್ಲಿ ಬಹಳ ಮಂದಿ ಸತ್ತಿದ್ದು ಹೀಗೇ.

ಫೋರ್ಡ್ ವೇಗ ಬಿಡಲಿಲ್ಲ. ಆದರೆ ರನ್‌ವೇ ತಲುಪೋದಿಲ್ಲ ಅನ್ನೋದು ಖಾತ್ರಿ ಆಯ್ತು. ನಿಲ್ದಾಣದ ಪಕ್ಕದಲ್ಲೇ ಇರೋ ಪೆನ್ಮಾರ್ ಗಾಲ್ಫ್ ಮೈದಾನದ ಒಂದು ಎತ್ತರದ ಮರದ ತುದಿಗೆ ವಿಮಾನ ತಾಗಿ, ಬಯಲಿಗೆ ಬಿತ್ತು. ರನ್‌ವೇ ತುದಿಯಿಂದ ಸುಮಾರು 800 ಅಡಿ ಹಿಂದೆ. ಮೈದಾನದಲ್ಲಿ ಗಾಲ್ಫ್ ಆಡುತ್ತಿದ್ದವರಲ್ಲಿ ವೈದ್ಯರೂ ಇದ್ದರು, ಓಡಿ ಬಂದು ಆರೈಕೆ ಮಾಡಿದರು. ಫೋರ್ಡ್ ಸೊಂಟದ ಮೂಳೆ, ಕಾಲಿನ ಗಿಣ್ಣು ಮುರಿದಿತ್ತು, ತಲೆಗೆ ಪೆಟ್ಟಾಗಿತ್ತು. ನೆಲದ ಮೇಲೆ ಬೇರೆ ಯಾರಿಗೂ ಏನೂ ಆಗಲಿಲ್ಲ. ಸುತ್ತ ಅಷ್ಟು ಮನೆಗಳಿದ್ದವು ಅನ್ನೋದನ್ನ ಮರೀಬೇಡಿ.

ಆಮೇಲೆ ಬಂದರು ತನಿಖಾಧಿಕಾರಿಗಳು. ಅಮೆರಿಕದಲ್ಲಿ ಈ ಕೆಲಸ ಮಾಡೋದು ಎನ್‌ಟಿಎಸ್‌ಬಿ, ಅಂದರೆ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ. 1967ರಲ್ಲಿ ಶುರುವಾದ ಸಂಸ್ಥೆ. ಇದಕ್ಕೆ ಯಾರಿಗೂ ದಂಡ ಹಾಕೋ ಅಧಿಕಾರ ಇಲ್ಲ. ಪೈಲಟ್ ಲೈಸೆನ್ಸ್ ಕೊಡೋದು, ನಿಯಮ ಮಾಡೋದು ಎಫ್‌ಎಎ ಅನ್ನೋ ಬೇರೆ ಇಲಾಖೆ. ಎನ್‌ಟಿಎಸ್‌ಬಿ ಕೆಲಸ ಒಂದೇ, ಯಾಕೆ ಹೀಗಾಯ್ತು ಅಂತ ಹುಡುಕೋದು.

ಅವರು ಎಂಜಿನ್ ಬಿಚ್ಚಿದರು. ಒಂದೊಂದೇ ಭಾಗ ನೋಡುತ್ತಾ ಬಂದರು. ಕೊನೆಗೆ ಕಣ್ಣಿಗೆ ಬಿದ್ದಿದ್ದು ಕಾರ್ಬುರೇಟರ್ ಒಳಗಿನ ಒಂದು ಪುಟ್ಟ ಭಾಗ. ಮುಖ್ಯ ಜೆಟ್.

ಹಳೇ ಸ್ಕೂಟರ್, ಹಳೇ ಬುಲೆಟ್ ಓಡಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಬೆಳಗ್ಗೆ ಎದ್ದು ಕಿಕ್ ಹೊಡೆದೂ ಹೊಡೆದೂ ಸುಸ್ತಾಗಿ ಗ್ಯಾರೇಜಿಗೆ ತಳ್ಳಿಕೊಂಡು ಹೋದರೆ ಮೆಕ್ಯಾನಿಕ್ ಹೇಳ್ತಿದ್ದ, 'ಪೆಟ್ರೋಲ್ ಜಾಸ್ತಿ ಬರ್ತಿದೆ ಸಾರ್, ಜೆಟ್ ನೋಡ್ಬೇಕು.' ಅದೇ ಜೆಟ್. ಕಾರ್ಬುರೇಟರ್ ಕೆಲಸ ಗಾಳಿ ಮತ್ತು ಪೆಟ್ರೋಲನ್ನ ಸರಿಯಾದ ಪ್ರಮಾಣದಲ್ಲಿ ಬೆರೆಸೋದು. ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು ಹದಿನೈದು ಪಾಲು ಗಾಳಿ ಬೇಕು. ಎಷ್ಟು ಪೆಟ್ರೋಲ್ ಬಿಡಬೇಕು ಅನ್ನೋದನ್ನ ತೀರ್ಮಾನ ಮಾಡೋದು ಜೆಟ್ಟಿನಲ್ಲಿರೋ ಅಳತೆಯ ತೂತು. ಜೆಟ್ಟನ್ನ ಅದರ ಜಾಗದಲ್ಲಿ ತಿರುಪಿನ ಹಾಗೆ ತಿರುಗಿಸಿ ಕೂರಿಸಿರ್ತಾರೆ. ಅದು ಸಡಿಲವಾಯ್ತು ಅನ್ನಿ, ಅಳತೆಗೆ ಅರ್ಥವೇ ಇಲ್ಲ. ಪೆಟ್ರೋಲ್ ನುಗ್ಗುತ್ತೆ, ಗಾಳಿ ಸಾಲದು, ಎಂಜಿನ್ ಉಸಿರುಕಟ್ಟಿ ನಿಲ್ಲುತ್ತೆ. ಒಲೆಗೆ ಸೌದೆ ತುರುಕಿದರೆ ಬೆಂಕಿ ಹೆಚ್ಚಾಗೋ ಬದಲು ಹೊಗೆಯಾಡಿ ಆರಿ ಹೋಗುತ್ತಲ್ಲ, ಹಾಗೆ.

ಫೋರ್ಡ್ ವಿಮಾನದಲ್ಲಿ ಆಗಿದ್ದು ಇದೇ. ಮುಖ್ಯ ಜೆಟ್ ತನ್ನ ಜಾಗದಿಂದ ಬಿಚ್ಚಿಕೊಂಡು 90 ಡಿಗ್ರಿ ತಿರುಗಿ ಕೂತಿತ್ತು. ಒಂದೇ ದಿನದಲ್ಲಿ ಆಗಿದ್ದಲ್ಲ, ಕಾಲಕ್ರಮೇಣ ಸ್ವಲ್ಪ ಸ್ವಲ್ಪವೇ ಸಡಿಲವಾಗುತ್ತಾ ಬಂದಿರಬೇಕು ಅಂತ ವರದಿ ಹೇಳುತ್ತೆ. ಆ ಕಾರ್ಬುರೇಟರನ್ನ ಬಿಚ್ಚಿ ಹೊಸದಾಗಿ ಜೋಡಿಸಿದ್ದು, ವಿಮಾನವನ್ನ ಪುನರುಜ್ಜೀವನ ಮಾಡಿದಾಗ, ಅಪಘಾತಕ್ಕೆ ಸುಮಾರು 17 ವರ್ಷ ಮೊದಲು.

ಹಾಗಾದರೆ ಮೆಕ್ಯಾನಿಕ್ ತಪ್ಪು ಅಂತೀರಾ? ನನಗೂ ಮೊದಲು ಅನ್ನಿಸಿದ್ದು ಅದೇ. ನೋಡಿ, ಒಬ್ಬನ ತಲೆ ಮೇಲಿಂದ ತೆಗೆದರೆ ಇನ್ನೊಬ್ಬನ ತಲೆ ಹುಡುಕೋ ಚಾಳಿ ಇದು. ಆದರೆ ತನಿಖಾಧಿಕಾರಿಗಳು ಅಲ್ಲಿಗೆ ನಿಲ್ಲಲಿಲ್ಲ. ಈ ಕಾರ್ಬುರೇಟರ್‌ನ ನಿರ್ವಹಣಾ ಕೈಪಿಡಿ ತೆಗೆದು ಓದಿದರು. ಜೆಟ್ಟನ್ನ ಹೇಗೆ ಕೂರಿಸಬೇಕು, ಕೂರಿಸಿದ ಮೇಲೆ ಹೇಗೆ ನೋಡಿಕೊಳ್ಳಬೇಕು ಅನ್ನೋದರ ಬಗ್ಗೆ ಅದರಲ್ಲಿ ಸೂಚನೆಯೇ ಇರಲಿಲ್ಲ. ಬರೆದಿಲ್ಲದ್ದನ್ನ ಮೆಕ್ಯಾನಿಕ್ ಎಲ್ಲಿಂದ ಓದಬೇಕು?

ಇಲ್ಲಿಗೆ ಮುಗೀತಾ? ಇಲ್ಲ. ನನ್ನನ್ನ ನಿಜಕ್ಕೂ ತಡೆದು ನಿಲ್ಲಿಸಿದ್ದು ವರದಿಯ ಎರಡನೇ ಭಾಗ.

ವಿಮಾನ ಯಾಕೆ ಬಿತ್ತು ಅಂತ ಎಲ್ಲರೂ ಕೇಳ್ತೀವಿ. ತನಿಖಾಧಿಕಾರಿಗಳು ಇನ್ನೊಂದು ಪ್ರಶ್ನೆ ಕೇಳಿದರು. ಬಿದ್ದ ಮೇಲೆ ಒಳಗಿದ್ದ ಮನುಷ್ಯನಿಗೆ ಇಷ್ಟು ಪೆಟ್ಟು ಯಾಕಾಯ್ತು? ಫೋರ್ಡ್ ಭುಜದ ಬೆಲ್ಟ್ ಹಾಕಿಕೊಂಡಿದ್ದರು. ಹಾಕಿಕೊಂಡರೂ ಅದು ಹಿಡಿಯಲಿಲ್ಲ. ಯಾಕೆ? ಆ ಬೆಲ್ಟ್ ಕಾರ್ಖಾನೆಯಲ್ಲಿ ಅಳವಡಿಸಿದ್ದಲ್ಲ, ನಂತರ ಸೇರಿಸಿದ್ದು. ಸೀಟಿನ ಬೆನ್ನಿನ ಕೆಳಭಾಗಕ್ಕೆ ಒಂದು ಬೋಲ್ಟು, ವಾಷರ್, ನಟ್ಟು ಹಾಕಿ ಬಿಗಿದಿದ್ದರು. ಹಿಂದೆ ಬಲಕ್ಕೆ ಏನೂ ಕೊಟ್ಟಿರಲಿಲ್ಲ. ತೆಳು ತಗಡಿಗೆ ಬೋಲ್ಟ್ ಹಾಕಿ ಜೋರಾಗಿ ಎಳೆದರೆ ಏನಾಗುತ್ತೆ? ಬೋಲ್ಟ್ ಮುರಿಯೋದಿಲ್ಲ, ತಗಡೇ ಹರಿದು ಬೋಲ್ಟ್ ಕಿತ್ತು ಬರುತ್ತೆ. ವಿಮಾನ ನೆಲಕ್ಕೆ ಬಡಿದಾಗ ಬೋಲ್ಟು, ವಾಷರ್, ನಟ್ಟು ಮೂರೂ ಸೀಟನ್ನ ಸೀಳಿಕೊಂಡು ಮೇಲಕ್ಕೆ ಕಿತ್ತು ಬಂದಿದ್ದವು. ಬೆಲ್ಟು ಇತ್ತು, ರಕ್ಷಣೆ ಇರಲಿಲ್ಲ.

2015ರ ಆಗಸ್ಟ್‌ನಲ್ಲಿ ವರದಿ ಹೊರಬಂತು. ಅದರ ತೀರ್ಮಾನ ಎರಡೇ ವಾಕ್ಯ. ಒಂದು, ಕಾರ್ಬುರೇಟರ್‌ನ ಮುಖ್ಯ ಜೆಟ್ ಬಿಚ್ಚಿಕೊಂಡಿದ್ದರಿಂದ ಎಂಜಿನ್ ಪೂರ್ತಿ ಶಕ್ತಿ ಕಳೆದುಕೊಂಡಿತು. ಎರಡು, ಸರಿಯಾಗಿ ಅಳವಡಿಸದ ಭುಜದ ಬೆಲ್ಟ್‌ನಿಂದ ಪೈಲಟ್ ಗಾಯ ಹೆಚ್ಚಾಯಿತು. ಪೈಲಟ್ ವಯಸ್ಸು? ಕಾರಣಗಳಲ್ಲಿ ಇಲ್ಲ. ಪೈಲಟ್ ತಪ್ಪು? ಅದೂ ಇಲ್ಲ.

ಅಪಘಾತ ಆಗಿ ಐದು ತಿಂಗಳು. ನಮ್ಮ ನ್ಯೂಸ್‌ರೂಮಿನಲ್ಲಿ ಆ ವರದಿಯ ಬಗ್ಗೆ ಒಂದು ಸ್ಕ್ರಾಲ್ ಕೂಡ ಓಡಲಿಲ್ಲ. ಬಿದ್ದಿದ್ದು ಸುದ್ದಿ, ಯಾಕೆ ಬಿತ್ತು ಅನ್ನೋದು ಸುದ್ದಿಯಲ್ಲ. ಅಂದರೆ ನನ್ನ ಹತ್ತು ಸೆಕೆಂಡಿನ ತೀರ್ಪು ನೋಡಿದವರ ಪಾಲಿಗೆ ಇವತ್ತಿಗೂ ಅದೇ ಸತ್ಯ.

ಇದರಲ್ಲಿ ಅಂಥಾ ದೊಡ್ಡ ನಷ್ಟ ಏನು ಅಂತ ಕೇಳಬಹುದು. ಆ ನಟನಿಗೆ ಕನ್ನಡ ಚಾನೆಲ್ ಒಂದರ ಮಾತಿನಿಂದ ಏನೂ ಆಗಿಲ್ಲ, ನಿಜ. ನಷ್ಟ ಬೇರೆ ಕಡೆ ಇದೆ. 'ವಯಸ್ಸಾಗಿತ್ತು, ಅದಕ್ಕೇ ಬಿತ್ತು' ಅಂದುಕೊಂಡರೆ ಅಲ್ಲಿಗೆ ಕಥೆ ಮುಗೀತು. ಯಾರೂ ಎಂಜಿನ್ ಬಿಚ್ಚಬೇಕಿಲ್ಲ. ಅದೇ ಥರದ ಎಂಜಿನ್ ಇರೋ ಇನ್ನೊಂದು ವಿಮಾನದಲ್ಲಿ, ಯಾವುದೋ ಹ್ಯಾಂಗರಿನಲ್ಲಿ, ಇನ್ನೊಂದು ಜೆಟ್ ಸದ್ದಿಲ್ಲದೆ ಸಡಿಲವಾಗುತ್ತಾ ಇರುತ್ತೆ. ಅದನ್ನ ಹಾರಿಸೋನು 25ರ ಹುಡುಗನಾದರೂ ಬೀಳುತ್ತೆ. ಮನುಷ್ಯನನ್ನ ಬೈದರೆ ತಿರುಪು ಬಿಗಿಯಾಗೋದಿಲ್ಲ.

ಇದೇ ಕಾರಣಕ್ಕೆ ವಿಮಾನ ಅಪಘಾತದ ತನಿಖೆಗೆ ಜಗತ್ತೆಲ್ಲ ಒಪ್ಪಿಕೊಂಡ ಒಂದು ನಿಯಮ ಇದೆ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಒಪ್ಪಂದದ 13ನೇ ಅನುಬಂಧ. 1951ರಲ್ಲಿ ಮೊದಲು ಬಂತು. ಅದು ಹೇಳೋದು, ತನಿಖೆಯ ಏಕೈಕ ಉದ್ದೇಶ ಮುಂದಿನ ಅಪಘಾತ ತಪ್ಪಿಸೋದು, ತಪ್ಪು ಹೊರಿಸೋದಲ್ಲ. ನಮ್ಮಲ್ಲಿ ತನಿಖೆ ಅಂದ ಕೂಡಲೇ ಮನಸ್ಸಿಗೆ ಬರೋದು ಎಫ್‌ಐಆರ್, ಆರೋಪಿ, ಚಾರ್ಜ್‌ಶೀಟ್. ಇದು ಆ ಥರದ್ದಲ್ಲ. ಅಮೆರಿಕದಲ್ಲಂತೂ ಎನ್‌ಟಿಎಸ್‌ಬಿ ಹೇಳಿದ ಕಾರಣವನ್ನ ಪರಿಹಾರದ ಮೊಕದ್ದಮೆಗಳಲ್ಲಿ ಸಾಕ್ಷ್ಯವಾಗಿ ಬಳಸೋ ಹಾಗಿಲ್ಲ ಅಂತ ಕಾನೂನೇ ಇದೆ. ಯಾಕೆ? ನಾಳೆ ಇದೇ ಮಾತು ಕೋರ್ಟಿನಲ್ಲಿ ನನ್ನ ಕೊರಳಿಗೆ ಬರುತ್ತೆ ಅಂತ ಗೊತ್ತಾದರೆ ಯಾವ ಮೆಕ್ಯಾನಿಕ್ ತಾನೇ ಬಾಯಿ ಬಿಡ್ತಾನೆ? ಇದ್ದದ್ದು ಇದ್ದ ಹಾಗೆ ಹೊರಗೆ ಬರಬೇಕು ಅಂದರೆ ಹೇಳೋನಿಗೆ ಭಯ ಇರಬಾರದು.

ಹಾಗಂತ ಪೈಲಟ್‌ಗಳು ತಪ್ಪೇ ಮಾಡಲ್ಲ ಅಂತಲ್ಲ. ಇದೇ ಫೋರ್ಡ್ 2017ರ ಫೆಬ್ರವರಿ 13ರಂದು ಕ್ಯಾಲಿಫೋರ್ನಿಯಾದ ಜಾನ್ ವೇಯ್ನ್ ವಿಮಾನ ನಿಲ್ದಾಣದಲ್ಲಿ ಇನ್ನೊಂದು ಪುಟ್ಟ ವಿಮಾನ ಇಳಿಸಿದರು. ಇಳಿಸಿದ್ದು ರನ್‌ವೇ ಮೇಲಲ್ಲ, ಪಕ್ಕದ ಟ್ಯಾಕ್ಸಿವೇ ಮೇಲೆ. ಅಲ್ಲೇ ಕಾಯುತ್ತಾ ನಿಂತಿದ್ದ, 110 ಪ್ರಯಾಣಿಕರಿದ್ದ ಬೋಯಿಂಗ್ 737 ವಿಮಾನದ ತಲೆಯ ಮೇಲಿಂದ ಹಾರಿ ಇಳಿದರು. ಆವತ್ತಿನದು ಪೂರ್ತಿ ಅವರದ್ದೇ ತಪ್ಪು, ಅವರೂ ಒಪ್ಪಿಕೊಂಡರು. ಎಫ್‌ಎಎ ವಿಚಾರಣೆ ನಡೆಸಿತು, ಲೈಸೆನ್ಸ್ ಕಿತ್ತುಕೊಳ್ಳಲಿಲ್ಲ. ಆ ಸುದ್ದಿ ಬಂದಾಗ, 'ನಾನು 2015ರಲ್ಲೇ ಹೇಳಿರಲಿಲ್ವಾ?' ಅಂತ ಒಂದು ಕ್ಷಣ ನನ್ನ ಮನಸ್ಸೂ ಅಂದಿತು. ಇಲ್ಲ, ಹೇಳಿರಲಿಲ್ಲ. 2017ರ ತಪ್ಪು 2015ರ ಜೆಟ್ಟನ್ನ ಬಿಚ್ಚಲಿಲ್ಲ. ಒಂದೊಂದು ಘಟನೆಗೂ ಅದರದ್ದೇ ಕಾರಣ ಇರುತ್ತೆ, ಅದನ್ನ ಅದರೊಳಗೇ ಹುಡುಕಬೇಕು.

ಪೈಲಟ್ ತಪ್ಪು ಖಚಿತವಾದಾಗಲೂ ಒಳ್ಳೆಯ ತನಿಖೆ ನಿಲ್ಲೋದಿಲ್ಲ. ಇದಕ್ಕೆ ಉದಾಹರಣೆ ನಮ್ಮ ಮನೆಯಂಗಳದಲ್ಲೇ ಇದೆ. 2010ರ ಮೇ 22, ಮಂಗಳೂರು. ಪುಟ್ಟ ವಿಮಾನವಲ್ಲ, ದುಬೈನಿಂದ ಬಂದ ಬೋಯಿಂಗ್ 737. ಇಳಿಯುವಾಗಲೇ ಆದ ದುರಂತ. 158 ಜನ ಹೋದರು, ಉಳಿದವರು 8 ಮಂದಿ. ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ತನಿಖಾ ನ್ಯಾಯಾಲಯ, ಕ್ಯಾಪ್ಟನ್ ಇಳಿಯೋದನ್ನ ಕೈಬಿಡದೆ ಮುಂದುವರಿಸಿದ್ದೇ ನೇರ ಕಾರಣ ಅಂದಿತು. ಸಹ-ಪೈಲಟ್ ಮೂರು ಸಲ 'ಮತ್ತೆ ಮೇಲೇರಿ' ಅಂದಿದ್ದರು. ಆದರೆ ವರದಿ ಅಲ್ಲಿಗೇ ಬಾಗಿಲು ಹಾಕಲಿಲ್ಲ. ಕ್ಯಾಪ್ಟನ್ ಹಾರಾಟದಲ್ಲಿ ಬಹಳ ಹೊತ್ತು ನಿದ್ದೆಯಲ್ಲಿದ್ದರು, ನಿದ್ದೆಯ ಮಂಪರು ತೀರ್ಮಾನವನ್ನ ಮಬ್ಬಾಗಿಸಿರಬಹುದು ಅಂತ ಹೇಳಿತು. ಸಹ-ಪೈಲಟ್ ಬಾಯಲ್ಲಿ ಹೇಳಿದರೇ ಹೊರತು ನಿಯಂತ್ರಣ ಯಾಕೆ ಕೈಗೆ ತಗೊಳ್ಳಲಿಲ್ಲ ಅಂತ ಕೇಳಿತು, ಆ ಅಧಿಕಾರದ ಬಗ್ಗೆ ಇದ್ದ ನಿಯಮಗಳೇ ಗೊಂದಲದಲ್ಲಿದ್ದವು ಅನ್ನೋದನ್ನ ಎತ್ತಿ ತೋರಿಸಿತು. ಎರಡು ವರ್ಷದ ಮೇಲೆ, 2012ರಲ್ಲಿ, ನಮ್ಮಲ್ಲೂ ಅಪಘಾತಗಳ ತನಿಖೆಗೇ ಪ್ರತ್ಯೇಕ ಸಂಸ್ಥೆ ಬಂತು. ಎಎಐಬಿ. 13ನೇ ಅನುಬಂಧದ ಪ್ರಕಾರ ಪ್ರಾಥಮಿಕ ವರದಿಗೆ 30 ದಿನ, ಅಂತಿಮ ವರದಿಗೆ ಸಾಧ್ಯವಾದರೆ 12 ತಿಂಗಳು.

ಮೂವತ್ತು ದಿನ, ಹನ್ನೆರಡು ತಿಂಗಳು. ನಮ್ಮ ಟಿವಿಯವರಿಗೆ ಮೂವತ್ತು ನಿಮಿಷವೇ ಜಾಸ್ತಿ. ನಾನು ಈ ಕೆಲಸದಲ್ಲಿ ಇರೋನು, ಆ ಒತ್ತಡ ಏನು ಅಂತ ಗೊತ್ತು. ದೃಶ್ಯ ಓಡ್ತಾ ಇದೆ, ಕಿವಿಯಲ್ಲಿ ಪ್ರೊಡ್ಯೂಸರ್ 'ಮಾತಾಡಿ, ಮಾತಾಡಿ' ಅಂತಿದ್ದಾರೆ, ಗೊತ್ತಿರೋದು ನಾಲ್ಕೇ ಸಾಲು. ಖಾಲಿ ಜಾಗ ತುಂಬೋಕೆ ಅತ್ಯಂತ ಸುಲಭದ ಸಾಮಾನು ಯಾವುದು? ಒಬ್ಬ ಮನುಷ್ಯ. ಮನುಷ್ಯನಿಗೆ ಮುಖ ಇದೆ, ವಯಸ್ಸಿದೆ, ಹಳೇ ಫೋಟೋ ಇದೆ. ಕಾರ್ಬುರೇಟರ್ ಜೆಟ್ಟಿಗೆ ಏನಿದೆ? ಅದರ ಬಗ್ಗೆ ಚರ್ಚೆಗೆ ಯಾರನ್ನ ಕರೆಯೋದು?

ಆ ಫೋನ್ ಬಂದ ಮೇಲೆ ಒಂದು ಅಭ್ಯಾಸ ಮಾಡಿಕೊಂಡಿದ್ದೀನಿ. ವಿಮಾನ, ರೈಲು, ಬಸ್ಸು, ಯಾವುದೇ ಅಪಘಾತದ ಸುದ್ದಿ ಓದಿದರೂ ಡೈರಿಯಲ್ಲಿ ತಾರೀಕು ಬರೆದು, ಪಕ್ಕದಲ್ಲಿ 'ವರದಿ?' ಅಂತ ಬರೀತೀನಿ. ಆ ಪ್ರಶ್ನೆಯ ಮುಂದೆ ಉತ್ತರ ಬಿದ್ದಿರೋದು ಕಡಿಮೆ. ಸುಮಾರು ಸಾಲುಗಳು ಇನ್ನೂ ಹಾಗೇ ಖಾಲಿ ಇವೆ. ಉತ್ತರ ಬಂದದ್ದನ್ನ ಮಾತ್ರ, ಎಷ್ಟು ತಡವಾದರೂ, ಸ್ಕ್ರೀನ್ ಮೇಲೆ ಎರಡು ನಿಮಿಷ ಹೇಳ್ತೀನಿ. ಟಿಆರ್‌ಪಿ ಬರೋದಿಲ್ಲ, ಅದು ನನಗೂ ಗೊತ್ತು.

ನಿಮ್ಮ ಹತ್ತಿರವೂ ಒಂದು ಕೇಳ್ತೀನಿ. ಮುಂದೆ ಯಾವತ್ತಾದರೂ ನಾನು ಅಪಘಾತ ಆದ ಅರ್ಧ ಗಂಟೆಯಲ್ಲಿ 'ಪೈಲಟ್ ತಪ್ಪು', 'ಡ್ರೈವರ್ ತಪ್ಪು' ಅಂದರೆ ದಯವಿಟ್ಟು ಚಾನೆಲ್ ಬದಲಾಯಿಸಬೇಡಿ. ಆ ಹಿರಿಯರು ಮಾಡಿದ ಹಾಗೆ ಫೋನ್ ಮಾಡಿ. ಬೈಯೋದು ಬೇಡ. 'ರಿಪೋರ್ಟ್ ಬಂತಾ ಸಾರ್?' ಅಂತ ಕೇಳಿ, ಸಾಕು.